ಕೆನೆಯ ಕೆಳಗಿನ ನೀರು

ನೆಲದಡಿಯ ನೀರಿನ ಗುಣದೋಷಗಳನ್ನು ಅಳೆಯುವ ವಿದ್ಯೆಯಲ್ಲಿ ಮಾತು ಬಲ್ಲವರು ಹಲವರಿದ್ದಾರೆ. ಸಹಿ ಹಾಕುವ ಮೊದಲು ತಡೆದು ನಿಲ್ಲಬಲ್ಲವರು ಕಡಿಮೆ. ಈ ಎರಡನೆಯ ಗುಂಪಿನಲ್ಲಿ ಅಗ್ರಮಾನ್ಯರಾದ, ಮಣ್ಣು ಮತ್ತು ಅಂತರ್ಜಲ ಪರೀಕ್ಷಾ ಕಚೇರಿಯ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರನ್ನು ಕಚೇರಿಯವರು ಮೊದಲು ಬೆನ್ನ ಹಿಂದೆ, ಈಚೆಗೆ ಮುಖದೆದುರೇ, 'ಮಣ್ಣಜ್ಜಿ' ಎನ್ನುತ್ತಾರೆ. ಆ ಹೆಸರು ಬಿದ್ದಾಗ ಅವರ ತಲೆಯಲ್ಲಿ ಒಂದೂ ನರೆಗೂದಲಿರಲಿಲ್ಲ.

ಕಿರಿಯ ಪರೀಕ್ಷಕಿಯಾಗಿ ಸೇರಿದಂದಿನಿಂದಲೂ ಅವರದು ಒಂದೇ ಪದ್ಧತಿ. ಯಾರು ಯಾವ ಬಾವಿಯ ಫಲಿತಾಂಶ ತಂದರೂ, ಅಂಕಿಗಳ ಮೇಲೆ ಕಣ್ಣು ಹಾಯಿಸುವ ಮೊದಲು, "ಪೈಪಿನ ಸೀಳು ಎಲ್ಲಿಂದ ಎಲ್ಲಿವರೆಗೆ?" ಎಂದು ಕೇಳುವರು. ಪರೀಕ್ಷೆಗೆಂದು ಕೊರೆದ ಬಾವಿಗೆ ಇಳಿಸುವ ಪೈಪಿನಲ್ಲಿ ಒಂದು ಭಾಗಕ್ಕಷ್ಟೇ ಸೀಳುಗಳಿರುತ್ತವೆ. ನೀರು ಒಳಬರುವುದು ಅಲ್ಲಿಂದ ಮಾತ್ರ. ಈ ಪ್ರಶ್ನೆಯನ್ನು ಹೊಸಬರು ಅತ್ತೆಯ ಕೊಂಕಿನಂತೆ ಸಹಿಸಿಕೊಳ್ಳುತ್ತಿದ್ದರು.

ಅದರ ಬೆಲೆ ತಿಳಿದದ್ದು, ಅವರು ವಿಭಾಗದ ಹೊಣೆ ಹೊತ್ತ ಹೊಸತರಲ್ಲಿ, ಮುಚ್ಚಿಹೋದ ಡೀಸೆಲ್ ಡಿಪೋ ಜಾಗದ ತಪಾಸಣೆ ನಡೆದಾಗ. ಅಲ್ಲಿ ಹೂತಿದ್ದ ಟ್ಯಾಂಕುಗಳನ್ನು ಕಿತ್ತು ಗುಂಡಿಗಳಿಗೆ ಹೊರಗಿನ ಮಣ್ಣು ತುಂಬಿ ವರ್ಷಗಳಾಗಿದ್ದವು. ಪಕ್ಕದ ಬೀದಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದ ಟೀಚರಮ್ಮ ಆ ಜಾಗದಲ್ಲಿ ಸ್ವಂತ ಶಾಲೆ ಕಟ್ಟಲು ಹೊರಟಿದ್ದರು. ಅವರ ಬಾಡಿಗೆ ಕಟ್ಟಡದ ಮಾಲೀಕರು ಆಗಲೇ ಬೀಗದ ಕೈ ಕೇಳಿದ್ದರು. ಜಾಗ ಶುದ್ಧವೆಂಬ ವರದಿಯೊಂದೇ ಬಾಕಿ. ಮಳೆಗಾಲ ಮುಗಿದೊಡನೆ ತಂಡದವರು ಹೋಗಿ, ಬೇಸಿಗೆಯಲ್ಲಿ ಕೊರೆದಿದ್ದ ಬಾವಿಗಳಿಂದ ನೀರನ್ನೂ ಟ್ಯಾಂಕಿನ ಗುಂಡಿಗಳಿಂದ ಮಣ್ಣನ್ನೂ ತಂದರು. ಎರಡೂ ಶುದ್ಧವೆಂದು ಬಂತು. ಎಲ್ಲರಿಗೂ ಹಾಲು ಕುಡಿದಷ್ಟು ಸಂತೋಷ. ಮೇಡಂ ಮಾತ್ರ ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು. ಆಗ ಹೊರಬಿತ್ತು: ಮಳೆಗೆ ಬಾವಿಯ ನೀರು ಏರಿ ಸೀಳುಗಳೆಲ್ಲ ನೀರಿನ ಮಟ್ಟದ ಕೆಳಗೆ ಮುಳುಗಿಹೋಗಿದ್ದವು.

"ಡೀಸೆಲ್ ನೀರಿನ ಮೇಲೆ ತೇಲುತ್ತೆ ಕಣ್ರಪ್ಪಾ," ಎಂದರು. "ನೀವು ತಂದಿರೋದು ಅದರ ಕೆಳಗಿನ ನೀರು. ಪಾತ್ರೆ ತಳದಿಂದ ಹಾಲು ಹೀರಿ, ಕೆನೇನೇ ಇಲ್ಲ ಅಂದ್ರೆ ಹೇಗೆ? ಮಣ್ಣಂತೂ ಹೊರಗಿಂದು, ಅದೇನು ಸಾಕ್ಷಿ ಹೇಳೀತು?"

ಸಹಿ ಬೀಳಲಿಲ್ಲ. ಟೀಚರಮ್ಮ ಕೆಂಡವಾಗಿ ಕಚೇರಿಗೇ ಬಂದರು.

"ನಿಮ್ಮೋರೇ ಶುದ್ಧ ಅಂದಿದ್ದಾರೆ, ನೀವ್ಯಾಕೆ ಅಡ್ಡಗಾಲು ಹಾಕ್ತೀರಾ? ಮಕ್ಕಳನ್ನ ಬೀದೀಲಿ ಕೂರಿಸ್ಲಾ?"

"ಬೀದೀಲೂ ಬೇಡ, ಆ ಜಾಗದಲ್ಲೂ ಬೇಡ," ಎಂದ ಮೇಡಂ ಕುರ್ಚಿಯಿಂದ ಎದ್ದು, "ನಮ್ಮ ಮಹಡಿ ಮೇಲೊಂದು ಹಾಲ್ ಇದೆ, ಬನ್ನಿ ನೋಡೋಣ," ಎಂದರು.

ಆ ಹಾಲ್‌ನಲ್ಲಿ ಮಣ್ಣಿನ ಮಾದರಿಗಳ ಪೆಟ್ಟಿಗೆಗಳು ಸೂರು ಮುಟ್ಟಿದ್ದವು. ಅವನ್ನೆಲ್ಲ ಒಳಗಿನ ಕೋಣೆಗೆ ಸಾಗಿಸಿ ಬೀಗ ಹಾಕಿಸಿ, ಖಾಲಿಯಾದ ಕಡೆ ಚಾಪೆ ಹಾಸಿ ಶಿಶುವಿಹಾರಕ್ಕೆ ಬಿಟ್ಟುಕೊಟ್ಟರು. ಇದು ಕಚೇರಿಯೋ, ಕೂಸಿನ ಮನೆಯೋ ಎಂದು ಮೇಲಧಿಕಾರಿಗಳು ಕೇಳಿದ್ದಕ್ಕೆ, ಕೂಸುಗಳಿಗಿಂತ ಹೆಚ್ಚು ಸಾಮಾನು ಬೀಳಿಸುವವರು ನಮ್ಮವರೇ ಎಂದು ಉತ್ತರಿಸಿದರು. ಪೆಟ್ಟಿಗೆ ಸಾಗಿಸುವಾಗ, ಟೀಚರಮ್ಮನ ಜೊತೆ ಬಂದಿದ್ದ ಒಂದು ಮಗು, ಇಷ್ಟೊಂದು ಮಣ್ಣು ಯಾರದೆಂದು ಕೇಳಿತು. ನಂದೇ, ಎಂದರು ಮೇಡಂ. ಅಂದಿನಿಂದ ಅವರು ಮಣ್ಣಜ್ಜಿ.

ಆಮೇಲೆ ಡಿಪೋ ಜಾಗದಲ್ಲಿ ಹೊಸ ಬಾವಿ ಕೊರೆಸಿದರು. ಈ ಸಲ ಸೀಳುಗಳು ನೀರಿನ ಮಟ್ಟಕ್ಕಿಂತ ಮೇಲಿನವರೆಗೂ ಇದ್ದವು. ಒಳಗಿಳಿಸಿದ ಗಾಜಿನಂಥ ಕೊಳವೆ ಮೇಲೆ ಬಂದಾಗ, ತಿಳಿನೀರಿನ ಮೇಲೆ ಎರಡು ಬೆರಳು ದಪ್ಪ ಡೀಸೆಲ್ ನಿಂತಿತ್ತು. ಪಕ್ಕದಲ್ಲೇ ಇದ್ದ ಟೀಚರಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. "ಮಕ್ಕಳು ಮರಳಾಡೋ ಗುಂಡಿ ಇಲ್ಲೇ ಮಾಡ್ಬೇಕು ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ, ನೆಲದ ಮೇಲೆ ಕುಳಿತುಬಿಟ್ಟರು. ಮೇಡಂ ಅವರೂ ಪಕ್ಕದಲ್ಲಿ ಕುಳಿತರು.

ತೇಲುವ ಡೀಸೆಲನ್ನು ಹೀರಿ, ಕೆಟ್ಟ ಮಣ್ಣನ್ನು ತೆಗೆಸಿ, ಜಾಗ ನಿಜಕ್ಕೂ ಶುದ್ಧವಾಗಲು ವರ್ಷಗಳೇ ಹಿಡಿದವು. ಈಗ ಅಲ್ಲಿ ಶಾಲೆಯಿದೆ. ಅಂಗಳದ ಮೂಲೆಯಲ್ಲಿ ಬೀಗ ಹಾಕಿದ ಒಂದು ಪರೀಕ್ಷಾ ಬಾವಿಯನ್ನು ಉಳಿಸಿದ್ದಾರೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅದರ ನೀರು ನೋಡಲು, ಮುಖ್ಯಸ್ಥೆಯಾದ ಮೇಲೂ, ಮೇಡಂ ತಾವೇ ಹೋಗುತ್ತಿದ್ದರು.

ನಿವೃತ್ತಿಯ ಸುದ್ದಿ ಕೇಳಿ ಟೀಚರಮ್ಮ ಮೊನ್ನೆ ಬಂದಿದ್ದರು.

"ನಿವೃತ್ತಿ ನಿಮ್ಮ ಆಫೀಸಿಗೆ. ಬಾವಿ ಕೀಲಿ ಬೇರೆಯವ್ರ ಕೈಗೆ ಕೊಡಲ್ಲ ನಾನು."

"ಬಂದೋರನ್ನ ಸೀಳು ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ," ಎಂದರು ಮೇಡಂ. "ಹೇಳಿದೋರಿಗೆ ಕೊಡಿ."

"ಹೇಳ್ದೆ ಇದ್ರೆ?"

"ನಂಗೊಂದು ಫೋನ್ ಮಾಡಿ."

ಮಣ್ಣಜ್ಜಿಯವರು ಅಜ್ಜಿಯಾಗಿ, ಮುತ್ತಜ್ಜಿಯಾಗಿ ನೂರ್ಕಾಲ ಬಾಳಲಿ. ಆ ಫೋನು ಬಂದಾಗಲೆಲ್ಲ ಹೊರಡುವ ಕಸುವು ಅವರ ಕಾಲಿಗಿರಲಿ. ಕೊಳವೆ ಎತ್ತಿ ಬೆಳಕಿಗೆ ಹಿಡಿದಾಗ ಬರೀ ನೀರು ಕಾಣಲಿ.