ಅಜ್ಜಮ್ಮನ ಕಪ್ಪು ಬೆರಳು

ಎಐ ಎಂದರೆ ಗೋವಿನಕೋವಿ ಊರಿನ ಹುಡುಗಿ ಚೌಡೇಶ್ವರಿಗೆ ಮೈ ಉರಿಯುತ್ತದೆ. ಹೊನ್ನಾಳಿಯಲ್ಲಿ ನರ್ಸಿಂಗ್ ಓದುವ ಅವಳು ಮೊದಲ ವರ್ಷವಿಡೀ ರಬ್ಬರ್ ಬೊಂಬೆಗೇ ಸೂಜಿ ಚುಚ್ಚಿದವಳು. ರೋಗಿಯನ್ನು ಮುಟ್ಟಲು ಬಿಟ್ಟಿರಲಿಲ್ಲ. ಈ ವರ್ಷ ಮೇಷ್ಟ್ರು ಎಐ ಇರುವ ಮೊಬೈಲನ್ನು ನೇರವಾಗಿ ವಾರ್ಡಿಗೇ ತಂದರು. ಕೆಮ್ಮಿಗೆಂದು ಬಂದಿದ್ದ ಅಜ್ಜಮ್ಮನ ಕಪ್ಪು ಬೆರಳುಗಳ ಫೋಟೋ ನೋಡಿದ ಅದು, ರಕ್ತ ಓಡುತ್ತಿಲ್ಲ, ಬೆರಳು ಕತ್ತರಿಸಬೇಕಾದೀತು ಎಂದಿತು. ಅಜ್ಜಮ್ಮ ಅಳತೊಡಗಿದಳು.

ಚೌಡೇಶ್ವರಿ ಆ ಕೈ ಹಿಡಿದು ನೋಡಿದಳು. ಬೆಚ್ಚಗಿತ್ತು.

"ಅಜ್ಜಿ, ಅಡಿಕೆ ಸುಲಿಯಾಕೆ ಹೋಗಿದ್ರಾ?"

"ಹೂಂ ಕಣವ್ವ, ತಿಂಗಳಿಂದ."

"ಇದು ಹಸಿ ಅಡಿಕೆ ಸಿಪ್ಪೆಯ ಕರೆ, ಸರ್!" ಎಂದು ಚೌಡೇಶ್ವರಿ ಸಿಡುಕಿದಳು.

ಮೇಷ್ಟ್ರು ಪೆಚ್ಚಾದರು. "ಅದು ಇನ್ನೂ ಕಲೀತಾ ಐತೆ ಕಣಮ್ಮ."

"ಕಲೀಲಿ, ಸರ್. ನಮ್ಮಂಗೆ ಮೊದ್ಲು ಬೊಂಬೆ ಮೇಲೆ ಕಲೀಲಿ."