ಗದಗಿನ ಕೋರ್ಟಿನಲ್ಲಿ ನಾನು ನುಡಿದ ಸಾಕ್ಷಿ

ಹನಮಂತಾ, ಅಂದು ಬಾವಿಯ ಸ್ವಿಚ್ ಹಾಕಿದವಳು ನಾನು. ನನ್ನ ಗಂಡ ಸತ್ತದ್ದು ನನ್ನ ಕೈಯಿಂದ — ಜೈಲಿಗೆ ಹೋದವನು ನೀನು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಸೊರಟೂರಿನ ನಮ್ಮ ಹೊಲದಲ್ಲಿ ಪಂಪು ಕೆಟ್ಟು ಬದನೆ ಸಸಿಗಳು ಬಾಡುತ್ತಿದ್ದವು. ರಿಪೇರಿಗೆ ಬಂದ ನೀನು ಕರೆಂಟ್ ಬಂದ್ ಮಾಡಿ, ಸಾಮಾನು ತರಲು ಲಕ್ಷ್ಮೇಶ್ವರಕ್ಕೆ ಹೋದೆ. ನಾನು ಬುತ್ತಿ ತಂದಾಗ ಯಾರೂ ಕಾಣಲಿಲ್ಲ. ಕೆಲಸ ಮುಗಿಸಿ ನೀನೂ ನಮ್ಮವರೂ ಊರ ಕಡೆ ಹೋಗಿರಬೇಕು ಎಂದುಕೊಂಡೆ. ತಿರುಗಿ ಬರುವಷ್ಟರಲ್ಲಿ ನೀರು ಹರಿಯುತ್ತಿರಲಿ — ಹರಿಯುವ ನೀರಿನಲ್ಲಿ ಕಾಲಾಡಿಸಿ ಮಕ್ಕಳ ಹಾಗೆ ನಗುತ್ತಿದ್ದರು ನಮ್ಮವರು. ಆ ನಗು ನೋಡುವ ಆಸೆ. ಬಾವಿಯೊಳಗೆ ಇಣುಕಲಿಲ್ಲ. ಒಂದು ಸಲವೂ ಕೂಗಲಿಲ್ಲ. ಸ್ವಿಚ್ ಹಾಕಿಬಿಟ್ಟೆ. ಅವರು ಕೆಳಗೆ ವೈರ್ ಹಿಡಿದು ನಿಂತಿದ್ದರು.

ಪೊಲೀಸರ ಮುಂದೆ ನಿಜ ಹೇಳಲು ಬಾಯಿ ಬರಲಿಲ್ಲ. ಮಗನನ್ನು ಕೊಂದವಳೆಂದು ಅತ್ತೆ ನೋಡುವ ನೋಟಕ್ಕೆ ಹೆದರಿದೆ. ನೀನೇ ಬಂದ್ ಮಾಡದೆ ಹೋದೆ ಎಂದು ಪೊಲೀಸರು ಬರೆದುಕೊಂಡರು.

ಕೋರ್ಟಿನಲ್ಲಿ ನೀನು ಕೈಮುಗಿದೆ. "ನಾ ಬಂದ್ ಮಾಡೇ ಹೋಗಿದ್ದೆರಿ. ಬೇಕಾದ್ರ ಅಕ್ಕಾರನ್ನ ಕೇಳ್ರಿ."

ನನ್ನನ್ನು ಕೇಳಿದರು.

"ನಾ ಬಂದಾಗ ಕರೆಂಟ್ ಚಾಲೂನ ಇತ್ರಿ" ಎಂದೆ.

ನಿನಗೆ ಜೈಲೆಂದು ತೀರ್ಪಾಗಿ ಹೊರಗೆ ಬಂದ ಮೇಲೆ ಅತ್ತೆ, ಅವನಿಗೆ ಗಲ್ಲು ಯಾಕಿಲ್ಲ ಎಂದು ಸರಕಾರಿ ವಕೀಲರನ್ನು ಕೇಳಿದರು. "ಇದು ಕೊಲಿ ಅಲ್ರಿ ಅಮ್ಮಾ. ಕೊಲ್ಲಬೇಕಂತ ಮನಸ್ಸಿನ್ಯಾಗ ಇರಲಿಲ್ಲ. ಎಚ್ಚರ ತಪ್ಪಿದ್ದಕ್ಕ ಜೀವ ಹೋತು. ಅದಕ್ಕ ಶಿಕ್ಷಾ ಕಡಿಮಿ" ಎಂದರು ಅವರು. ನನ್ನ ತಪ್ಪಿಗೂ ಕಾನೂನಿನಲ್ಲಿ ಒಂದು ಜಾಗವಿದೆ ಎಂದು ಅಂದೇ ತಿಳಿಯಿತು. ಆಗಲೂ ತಿರುಗಿ ಒಳಗೆ ಹೋಗಲಿಲ್ಲ. ಗಂಡನನ್ನು ಕೊಲ್ಲುವ ಉದ್ದೇಶ ನನಗಿರಲಿಲ್ಲ, ಹನಮಂತಾ. ನಿನ್ನನ್ನು ಸಿಕ್ಕಿಸುವಾಗ — ಇತ್ತು.

ಬಿಡುಗಡೆಯಾಗಿ ನೀನು ಮುಂಡರಗಿ ಸೇರಿದೆ. ಪಂಪಿನ ಕೆಲಸಕ್ಕೆ ಯಾರೂ ಕರೆಯಲಿಲ್ಲವಂತೆ. ಇಲ್ಲಿ ನಮ್ಮವರನ್ನು ನೆನೆದು ನಾನು ಅತ್ತಾಗಲೆಲ್ಲ ಅತ್ತೆ ನನ್ನ ತಲೆ ಸವರುತ್ತ ನಿನಗೆ ಶಾಪ ಹಾಕುತ್ತಿದ್ದರು. ನಾನು ಅಳು ನುಂಗುತ್ತಿದ್ದೆ. ಇಷ್ಟು ವರ್ಷವಾದರೂ ಅವರ ಹೆಸರು ಹಿಡಿದು ಮನಸಾರೆ ಅತ್ತಿಲ್ಲ. ಹೊಲದ ದಾರಿಯಲ್ಲಿ ಯಾರು ಕೆಮ್ಮಿದರೂ ಇಂದಿಗೂ ಎದ್ದು ಬಾಗಿಲಿಗೆ ಹೋಗುತ್ತೇನೆ — ಅವರೇ ಬಂದರೇನೋ ಎಂದು...

ನಿನ್ನೆ ಅತ್ತೆಗೆ ನಿಜ ಹೇಳಿದೆ. ನನ್ನ ಮುಖ ನೋಡದೆ, "ಆ ಹುಡುಗನ ಮುಂದ ಹೋಗಿ ಹೇಳು" ಎಂದರು.

ನಾಳೆ ಮುಂಡರಗಿಗೆ ಬರುತ್ತೇನೆ. ನೀನು ಒಳಗೆ ಕರೆಯಬೇಕಾಗಿಲ್ಲ. ಓಣಿಯಲ್ಲೇ, ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳುತ್ತೇನೆ. ಅಲ್ಲಿಂದ ಪೊಲೀಸ್ ಠಾಣೆಗೆ ಹೋಗುತ್ತೇನೆ.