ಮೂರನೆಯ ಓಲೆಯ ದಿನ ಪಂಕಜಂ

ತಮಿಳು ಸೀಮೆಯ ನೇಕಾರರ ಊರಾದ ನೆಗಮಂನ ಚಿಕ್ಕ ಚರ್ಚಿನಲ್ಲಿ ಅಂದು ಮೂರನೆಯ ಓಲೆ. ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರನ್ನು ಸಭೆಯ ಮುಂದೆ ಓದಿ, ತಡೆಯಿದ್ದರೆ ಹೇಳಿ ಎಂದು ಕೇಳುವುದು ಅಲ್ಲಿನ ಪದ್ಧತಿ. ಅದನ್ನೇ ಓಲೆ ಓದುವುದು ಎನ್ನುತ್ತಾರೆ. ಪಾದ್ರಿಯವರು ಪಂಕಜಂ, ದಿವಾಕರ್ ಎಂಬ ಹೆಸರುಗಳನ್ನು ಓದಿ ತಲೆಯೆತ್ತುವಷ್ಟರಲ್ಲಿ ಮುಂದಿನ ಬೆಂಚಿನಿಂದ ಜಯಸೀಲನ್ ಎದ್ದು ನಿಂತ. ಸಭೆಯ ಹಿರಿಯರಲ್ಲಿ ಒಬ್ಬ. ವಧುವಿನ ಒಡಹುಟ್ಟಿದ ಅಣ್ಣ.

"ತಡೆ ಇದೆ, ಅಯ್ಯಾ. ಇವನು ನಮ್ಮ ಮನೆಯ ಮಾನ ಕಳೆದವನು," ಎಂದು ತಮಿಳಿನಲ್ಲಿ ಹೇಳಿದ.

ಹೆಂಗಸರ ಸಾಲಿನಲ್ಲಿದ್ದ ಪಂಕಜಂಗೆ ಕಿವಿ ಬಿಸಿಯಾಯಿತು. ಅಣ್ಣ ಹೇಳಿದ್ದು ಸುಳ್ಳಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಚರ್ಚಿನಲ್ಲಿ ಅವಳು ಹೂ ಮುಡಿದು ಕಾದು ಕೂತಿದ್ದಳು. ವರನಾದ ದಿವಾಕರ್ ಬರಲೇ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಅವನ ಕೆಲಸ ಹೋಗಿತ್ತಂತೆ. ಹೇಳಲು ಹೆದರಿ ಊರೇ ಬಿಟ್ಟಿದ್ದ. ಅಂದಿನಿಂದ ಅವಳಿಗೆ ಮಗ್ಗವೇ ಸಂಸಾರವಾಯಿತು.

ಕಳೆದ ವರ್ಷ ಅವನು ತಲೆ ನರೆತು, ಒಂಟಿಯಾಗಿಯೇ ಹಿಂದಿರುಗಿದ. ನೇರವಾಗಿ ಅವಳ ಮಗ್ಗದ ಮುಂದೆ ನಿಂತು, "ತಪ್ಪು ನನ್ನದು, ಪಂಕಜಂ. ಬೇರೆ ಯಾರದೂ ಅಲ್ಲ," ಎಂದ.

"ಕೇಳಿಸ್ತು, ಹೋಗು," ಎಂದಳು. ಲಾಳಿಯನ್ನು ನಿಲ್ಲಿಸಲಿಲ್ಲ.

ಹೋದ. ಆದರೆ ಪ್ರತಿ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದ. ಅವಳನ್ನು ಮತ್ತೇನೂ ಕೇಳಲಿಲ್ಲ. ತಿಂಗಳುಗಳು ಉರುಳಿದ ಮೇಲೆ ಅವಳೇ ಹೋಗಿ ಕೇಳಿದಳು: "ಈಗಲೂ ಓಡಿಹೋಗೋ ಯೋಚನೆ ಇದೆಯಾ?"

"ಮಂಡಿ ನೋವು. ಓಡಕ್ಕಾಗಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

ಈಗ ಪಾದ್ರಿಯವರು, "ಮನಸ್ತಾಪ ತೀರಿಸಿಕೊಂಡು ಬನ್ನಿ, ಮದುವೆ ಸ್ವಲ್ಪ ಮುಂದೆ ಹೋಗಲಿ," ಎಂದು ತಡವರಿಸಿದರು. ಮುಂದೆ ಹೋದ ಮದುವೆ ಎಂದೂ ನಡೆಯದೆಂದು ಪಂಕಜಂಗೆ ಗೊತ್ತಿತ್ತು. ಎದ್ದಳು. ಮಾತು ಅವರ ಮನೆಮಾತಾದ ಕನ್ನಡಕ್ಕೆ ತಿರುಗಿತು. ತಮಿಳರಾದ ಪಾದ್ರಿಯವರಿಗೆ ತಿಳಿದದ್ದು ಅರ್ಧ.

"ಅಣ್ಣಾ, ಆವತ್ತು ಇಲ್ಲಿ ಕಾದು ಕೂತಿದ್ದು ಯಾರು? ನೀನಾ?"

"ಅಪ್ಪ ಆ ಕೊರಗಲ್ಲೇ ಸತ್ತರು!"

"ಅಪ್ಪ ಸತ್ತಿದ್ದು ಕಾಮಾಲೆಯಿಂದ. ಉಡುಮಲೈಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋದೋನೇ ನೀನು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜಯಸೀಲನ್ ಮುಖ ಕೆಂಪೇರಿತು. "ನಾಚಿಕೆ ಇಲ್ವಾ ನಿಂಗೆ?"

"ಇತ್ತು. ಇಪ್ಪತ್ತು ವರ್ಷ ಹೊತ್ತು ಸಾಕಾಯ್ತು. ಪ್ರಾರ್ಥನೆಯಲ್ಲಿ ‘ನಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ’ ಅನ್ನೋ ಮಾತು ಬಂದಾಗೆಲ್ಲ ನಾನು ಬಾಯಿ ಮುಚ್ಕೊಳ್ತಿದ್ದೆ, ದೇವರ ಮುಂದೆ ಸುಳ್ಳು ಬೇಡ ಅಂತ. ಈಗ ಬಾಯಿ ತುಂಬ ಹೇಳ್ತೀನಿ. ನೀನು ಅದನ್ನೇ ಬೀದಿಗೆ ಕೇಳೋ ಹಾಗೆ ಹೇಳ್ತೀಯಲ್ಲ? ಒಂದೋ ಆ ಮಾತು ಬಿಡು, ಇಲ್ಲ ಕೂತ್ಕೋ. ಅವನು ತಪ್ಪು ಮಾಡಿದ್ದು ನನಗೆ. ಕ್ಷಮಿಸೋದು, ಬಿಡೋದು ನನ್ನ ಪಾಲಿನದು. ಮರೆತೆ ಅಂತ ಮಾತ್ರ ತಿಳೀಬೇಡ. ಬದುಕಿರೋವರೆಗೂ ಅವನಿಗೆ ನೆನಪಿಸ್ತಾ ಇರ್ತೀನಿ!"

ಕೊನೆಯ ಬೆಂಚಿನಲ್ಲಿ ದಿವಾಕರ್ ಆಗಲಿ ಎಂಬಂತೆ ತಲೆಯಾಡಿಸಿದ.

ಜಯಸೀಲನ್ ಕೂರಲಿಲ್ಲ. ಬೈಬಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ನಡೆದ. ಪಾದ್ರಿಯವರು ಕನ್ನಡಕ ಸರಿಪಡಿಸಿಕೊಂಡು, "ಬೇರೆ ತಡೆ ಇದೆಯೇ?" ಎಂದರು. ಯಾರೂ ಏಳಲಿಲ್ಲ.

ಮದುವೆಯ ದಿನ ದಿವಾಕರ್, ಚರ್ಚಿನ ಬೀಗ ತೆಗೆಯುವವನಿಗಿಂತ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಪಂಕಜಂ ತಾನೇ ನೇಯ್ದ ಹತ್ತಿ ಸೀರೆಯುಟ್ಟು ಬಂದಳು. ಕೈಹಿಡಿದು ಕರೆತರಬೇಕಾದ ಅಣ್ಣ ಬಂದಿರಲಿಲ್ಲ; ಒಬ್ಬಳೇ, ನಿಧಾನವಾಗಿ, ಎಲ್ಲರ ಮುಖ ನೋಡುತ್ತಾ ನಡೆದಳು.

ಸಂಜೆ ಒಂದು ಪಾತ್ರೆ ತುಂಬ ಬಿರಿಯಾನಿ ಹಿಡಿದು ಅಣ್ಣನ ಮನೆಗೆ ಹೋದಳು. ಬಾಗಿಲು ಹಾಕಿತ್ತು. ತಟ್ಟಿದೊಡನೆ ಒಳಗೆ ಟಿವಿಯ ಸದ್ದು ನಿಂತಿತು.

"ಅಣ್ಣಾ, ನಿನ್ನನ್ನೂ ಕ್ಷಮಿಸಿದ್ದೀನಿ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಅದಕ್ಕೂ ನಿನ್ನ ಒಪ್ಪಿಗೆ ಬೇಕಾಗಿಲ್ಲ. ಊಟ ಬಾಗಿಲಲ್ಲಿ ಇಟ್ಟಿದ್ದೀನಿ. ಪಾತ್ರೆ ನಾಳೆ ತೊಳೆದು ಕಳಿಸು."